ಕಡ ತಂದ ಪ್ರೊಸೆಸರ್

ನಾನು ನೋಡಿಕೊಳ್ಳುವ ನಮ್ಮ ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಒಂದರ ಮೇಲೊಂದು ಮೂರು ಹಳೆಯ ಸರ್ವರ್‌ಗಳಿದ್ದವು. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಟೆಂಪೊದಲ್ಲಿ ಬಂದವು. ಮೇಲಿನದು ಪ್ರವೇಶ ವಿಭಾಗದ್ದು. ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕುವವರೆಲ್ಲ ವರ್ಷಕ್ಕೊಮ್ಮೆ ಅದರ ಮೇಲೆ ಮುಗಿಬೀಳುತ್ತಿದ್ದರು. ನಡುವಿನದು ಒಬ್ಬ ಹಿರಿಯ ಪ್ರಾಧ್ಯಾಪಕರದು. ಅವರ ಯೋಜನೆ ಮುಗಿದು ಎಷ್ಟೋ ಕಾಲವಾಗಿತ್ತು, ಯಂತ್ರ ಮಾತ್ರ ಸುಮ್ಮನೆ ಬಿಸಿಗಾಳಿ ಬಿಡುತ್ತ ನಿಂತಿತ್ತು. ಕೆಳಗಿನದರಲ್ಲಿ ಒಬ್ಬ ಸಂಶೋಧಕಿ ಅಂತರ್ಜಲದ ಲೆಕ್ಕ ಹಾಕುತ್ತಿದ್ದಳು. ಮಂಡ್ಯದ ಕಡೆಯ ಹುಡುಗಿ. ಪುಣೆಯ ಈ ಸಂಸ್ಥೆಗೆ ಅವಳು ಬಂದ ಹೊಸತರಲ್ಲಿ, ನಾನು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, "ಅಣ್ಣ, ನೀವು ಕನ್ನಡದವ್ರಾ?" ಎಂದು ಬಾಗಿಲಲ್ಲಿ ನಿಂತಿದ್ದಳು. ಅಂದಿನಿಂದ ಭಾನುವಾರದ ಊಟ ಕಾತ್ರಜದ ನಮ್ಮ ಮನೆಯಲ್ಲೇ. ನಮ್ಮ ವಿಜಯಪುರದ ಖಾರ ತಿಂದು ಕಣ್ಣಲ್ಲಿ ನೀರು ತಂದುಕೊಂಡರೂ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದಳು.

ಈ ಮೂರರಲ್ಲಿ ಯಾವುದನ್ನು ಬಿಚ್ಚಬಾರದಿತ್ತೋ ಅದನ್ನೇ ನಾನು ಬಿಚ್ಚಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವಂತಿದ್ದರೆ ಮನಸ್ಸು ಇಷ್ಟು ಚುಚ್ಚುತ್ತಿರಲಿಲ್ಲ.

ಫೆಬ್ರುವರಿಯಲ್ಲಿ ನಿರ್ದೇಶಕರು ನನ್ನನ್ನು ಕರೆಸಿದರು. ಏಪ್ರಿಲ್‌ನಲ್ಲಿ ಅರ್ಜಿ ಶುರು. ಹಿಂದಿನ ವರ್ಷ ಕೊನೆಯ ದಿನಗಳಲ್ಲಿ ಸರ್ವರ್ ಕೈಕೊಟ್ಟು, ಪಾಲಕರು ಪ್ರವೇಶ ವಿಭಾಗದ ಮೇಜು ಬಡಿದು ಹೋಗಿದ್ದರು. ಹೊಸ ಸರ್ವರ್‌ಗೆ ಈ ವರ್ಷ ಅವಕಾಶವಿಲ್ಲ, ಇರುವುದನ್ನೇ ಗಟ್ಟಿ ಮಾಡಿ ಎಂದರು. ಪಕ್ಕದಲ್ಲಿ ಕೂತಿದ್ದ ಪ್ರವೇಶ ವಿಭಾಗದ ಮುಖ್ಯಸ್ಥೆ ಒಂದೇ ಮಾತು ಹೇಳಿದರು: "ಯಾ ವರ್ಷೀ ಬಂದ ಪಡಲಾ ತರ ಮೀ ಫೋನ ತುಮಚ್ಯಾಕಡೇ ಫಿರವಣಾರ." ಈ ಸಲ ನಿಂತರೆ ಬರುವ ಫೋನೆಲ್ಲ ನನಗೇ ತಿರುಗಿಸುತ್ತಾರಂತೆ. ಹಾಗೆ ಮಾಡುವವರೇ ಅವರು.

ಮೊದಲು ರೋಗ ಗೊತ್ತಾಗಬೇಕು. ಹಿಂದಿನ ವರ್ಷದ ದಾಖಲೆ ತೆಗೆದು ನೋಡಿದೆ. ಅರ್ಜಿದಾರರು ಕಡಿಮೆ ಇದ್ದಾಗ ಯಂತ್ರ ಆರಾಮವಾಗಿಯೇ ಇತ್ತು. ಸಂಖ್ಯೆ ಏರಿದಂತೆ ಮೆಮೊರಿ ತುಂಬಿ, ಉಳಿದದ್ದನ್ನು ಅದು ಡಿಸ್ಕಿಗೆ ಬರೆದಿಟ್ಟು ಮತ್ತೆ ಓದುತ್ತಿತ್ತು. ಡಿಸ್ಕ್ ನಿಧಾನ, ಹಾಗಾಗಿ ಎಲ್ಲವೂ ನಿಧಾನ. ಅದರ ಮೇಲೆ, ಪ್ರತಿ ಅರ್ಜಿಯ ಕೊನೆಗೆ ಫೋಟೊ, ಅಂಕಪಟ್ಟಿ ಎಲ್ಲ ಸೇರಿಸಿ ಒಂದು ಪಿಡಿಎಫ್ ತಯಾರಾಗುತ್ತಿತ್ತು. ಅದು ಪ್ರೊಸೆಸರ್‌ನ ಕೆಲಸ. ಎಲ್ಲರೂ ಒಟ್ಟಿಗೆ 'ಸಲ್ಲಿಸು' ಒತ್ತಿದಾಗ ಇದ್ದ ಒಂದೇ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಅಂದರೆ ಮೆಮೊರಿಯೂ ಬೇಕು, ಪ್ರೊಸೆಸರೂ ಬೇಕು.

ಈ ಮಾದರಿಯ ಬೋರ್ಡಿನ ಮೇಲೆ ಎರಡು ಪ್ರೊಸೆಸರ್‌ಗೆ ಜಾಗವಿದೆ. ಪ್ರವೇಶ ವಿಭಾಗದ ಯಂತ್ರದಲ್ಲಿ ಒಂದು ಜಾಗ ಖಾಲಿ. ಮೆಮೊರಿ ಕಡ್ಡಿಗಳನ್ನು ಸಿಕ್ಕಿಸುವ ಸ್ಲಾಟ್‌ಗಳೂ ಎರಡು ಪಾಲಾಗಿವೆ, ಅರ್ಧ ಮೊದಲ ಪ್ರೊಸೆಸರ್‌ನವು, ಅರ್ಧ ಎರಡನೆಯದರವು. ಎರಡನೆಯದು ಇಲ್ಲದಿದ್ದರೆ ಅದರ ಪಾಲಿನ ಸ್ಲಾಟ್‌ಗಳಲ್ಲಿ ಏನು ಸಿಕ್ಕಿಸಿದರೂ ಯಂತ್ರಕ್ಕೆ ಕಾಣುವುದಿಲ್ಲ. ಮೊದಲ ಪಾಲು ಆಗಲೇ ಭರ್ತಿಯಾಗಿತ್ತು. ಹಾಗಾಗಿ ದಾರಿ ಒಂದೇ: ಮೊದಲನೆಯದರಂಥದ್ದೇ ಎರಡನೇ ಪ್ರೊಸೆಸರ್, ಅದರ ತಲೆಯ ಮೇಲೆ ಕೂರುವ ಹೀಟ್‌ಸಿಂಕ್, ಇದ್ದ ಜಾತಿಯದ್ದೇ ಮೆಮೊರಿ ಕಡ್ಡಿಗಳು. ಇವೆಲ್ಲ ಹೊಸದಾಗಿ ತಯಾರಾಗುವುದು ಯಾವಾಗಲೋ ನಿಂತಿದೆ. ಹಳೆಯ ಸಾಮಾನು ಮಾರುವ ವ್ಯಾಪಾರಿಯನ್ನೇ ಹಿಡಿಯಬೇಕು.

ವ್ಯಾಪಾರಿ ಬಾಯಿಮಾತಿನಲ್ಲಿ ಎಲ್ಲವನ್ನೂ ಕೊಟ್ಟ. ಪಾರ್ಸೆಲ್ ಬಂದಾಗ ಪ್ರೊಸೆಸರ್ ಸರಿಯಿತ್ತು. ಮೆಮೊರಿ ಬೇರೆ ಜಾತಿಯದು. ನೋಡಲು ಒಂದೇ ಥರ, ಸ್ಲಾಟಿನಲ್ಲಿ ಕೂರುತ್ತದೆ ಕೂಡ, ಆದರೆ ಇದ್ದ ಕಡ್ಡಿಗಳ ಜೊತೆ ಬೆರೆಸಿದರೆ ಯಂತ್ರ ಏಳುವುದೇ ಇಲ್ಲ, ಮುಂಭಾಗದಲ್ಲಿ ಹಳದಿ ದೀಪ ಮಿನುಗಿಸುತ್ತ ಕೂರುತ್ತದೆ. ಫೋನ್ ಮಾಡಿದರೆ, "ಚಲ್ ಜಾಯೇಗಾ ಸಾಬ್, ಏಕ ಬಾರ ಔರ ಲಗಾಕೇ ದೇಖೋ" ಎಂದ. ಇನ್ನೊಮ್ಮೆ ಹಾಕಿ ನೋಡಿದರೆ ನಡೆಯುತ್ತದಂತೆ. ಎಷ್ಟು ಸಲ ಸಿಕ್ಕಿಸಿದರೂ ಅದರ ಜಾತಿ ಬದಲಾಗುತ್ತದೆಯೇ? ಜಗಳವಾಡಿ ವಾಪಸ್ ಕಳಿಸಿದೆ. ಇನ್ನು ಹೀಟ್‌ಸಿಂಕ್. ನಮ್ಮ ಬೋರ್ಡಿಗೆ ಬೇಕಾದದ್ದು ಚೌಕನೆಯದು, ಅವನು ಕಳಿಸಿದ್ದು ಉದ್ದನೆಯದು. ತಿರುಪಿನ ರಂಧ್ರಗಳೇ ಕೂಡಲಿಲ್ಲ. ಬೇರೆಯದಕ್ಕೆ ಬೇರೆ ಊರಿಗೆ ಹೇಳಬೇಕು, ತಡವಾಗುತ್ತದೆ ಎಂದ. ಅಷ್ಟರಲ್ಲಿ ಮಾರ್ಚ್ ಮುಗಿಯುತ್ತ ಬಂದಿತ್ತು.

ಕೆಳಗಿನ ಎರಡೂ ಯಂತ್ರಗಳಲ್ಲಿ ಎರಡೆರಡು ಪ್ರೊಸೆಸರ್, ಭರ್ತಿ ಮೆಮೊರಿ. ಹೀಟ್‌ಸಿಂಕ್ ಇಲ್ಲದೆ ಕೊಂಡ ಪ್ರೊಸೆಸರನ್ನು ಓಡಿಸಿ ನೋಡಲೂ ಆಗಿರಲಿಲ್ಲ, ಹಾಗಾಗಿ ಸರಿಯಾದ ಸಾಮಾನು ಬರುವವರೆಗೆ ಒಂದರಿಂದ ಓಡುತ್ತಿದ್ದ ಪ್ರೊಸೆಸರನ್ನೇ ಹೀಟ್‌ಸಿಂಕ್, ಮೆಮೊರಿ ಸಮೇತ ಕಡ ತಂದರೆ ಆಯಿತು. ಯಾವುದರಿಂದ?

ಬುದ್ಧಿ ಇದ್ದವನು ಯಾರಾದರೂ ನಡುವಿನದು ಎನ್ನುತ್ತಾನೆ. ನನಗೂ ಹಾಗೆಯೇ ಅನಿಸಿತ್ತು. ಆದರೆ ಒಂದು ಯೋಜನೆಯ ಯಂತ್ರದಿಂದ ಬಿಡಿಭಾಗ ತೆಗೆಯಲು ಅದರ ಒಡೆಯರ ಒಪ್ಪಿಗೆ ಕಾಗದದಲ್ಲಿ ಬೇಕು, ಉಪಕರಣ ಸಮಿತಿಯ ಮುಂದೆ ಹೋಗಬೇಕು. ಪ್ರಾಧ್ಯಾಪಕರ ಸಿಟ್ಟು ಇಡೀ ಸಂಸ್ಥೆಗೆ ಗೊತ್ತು. ಹಿಂದೊಮ್ಮೆ ಅವರ ಪ್ರಿಂಟರ್‌ನ ತಂತಿ ಬದಲಿಸಿದ್ದಕ್ಕೆ ಕಾರಿಡಾರಿನಲ್ಲಿ ನಿಲ್ಲಿಸಿ ಬೈದಿದ್ದರು. ನಿಯಮ ಕೆಳಗಿನ ಯಂತ್ರಕ್ಕೂ ಅದೇ. ಆದರೆ ಅದರ ಜವಾಬ್ದಾರಿಯನ್ನು ಮಾರ್ಗದರ್ಶಕರು ಹುಡುಗಿಗೇ ಬಿಟ್ಟಿದ್ದರು. ಅಲ್ಲಿ ಕೇಳಲು ಕಾಗದ ಬೇಕಿರಲಿಲ್ಲ, ಕನ್ನಡ ಸಾಕಿತ್ತು.

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೇಳಿದೆ.

"ಒಂದು ಮಾತು ಕೇಳಲೇನವಾ? ನಿನ್ನ ಮಶೀನಿಂದು ಒಂದು ಪ್ರೊಸೆಸರ್, ಅರ್ಧಾ ಮೆಮೊರಿ ಬೇಕಾಗ್ಯಾವ. ಅರ್ಜಿ ಮುಗಿದ ಮರುದಿನಾನ ವಾಪಸ್ ಹಾಕ್ತೀನಿ."

ಅವಳು ಲೋಟ ಕೆಳಗಿಟ್ಟಳು. "ಅಣ್ಣ, ನನ್ನ ರನ್ ನಡೀತಾ ಇದೆಯಲ್ಲ. ಅರ್ಧ ಮೆಮೊರೀಲಿ ಅದು ಫಿಟ್ ಆಗಲ್ಲ, ನಿಲ್ಲಿಸ್ಬೇಕಾಗತ್ತೆ."

"ಎಲ್ಲಿ ನಿಂತದ ಅಲ್ಲಿಂದನ ಮುಂದ ಶುರು ಆಗ್ತದಲ್ಲ?"

"ಆಗತ್ತೆ. ಆದ್ರೆ ಮೇ ಕೊನೇಲಿ ಥೀಸಿಸ್ ಸಬ್ಮಿಟ್ ಮಾಡ್ಲೇಬೇಕು. ಫೆಲೋಶಿಪ್ ಅಲ್ಲಿಗೆ ಮುಗಿಯತ್ತೆ. ಮೈಸೂರು ಕಾಲೇಜಿನವ್ರೂ ಸಬ್ಮಿಟ್ ಆದ್ಮೇಲೇನೇ ಕೆಲಸ ಅಂದಿದಾರೆ." ಲೋಟ ಮತ್ತೆ ಕೈಗೆತ್ತಿಕೊಂಡಳು. "ನೀವು ಕೇಳ್ತಿದೀರಾ ಅಂದ್ರೆ ಬೇರೆ ದಾರಿ ಇರಲ್ಲ ಅಲ್ವಾ? ತಗೊಳ್ಳಿ ಅಣ್ಣ."

ಬೇರೆ ದಾರಿ ಇತ್ತು, ನಡುವಿನ ಯಂತ್ರದಲ್ಲೇ ಇತ್ತು. ನಾನು ಚಹಾದ ಬಿಲ್ಲು ಕೊಟ್ಟು ಎದ್ದೆ.

ಅವಳ ಕೆಲಸ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪುಣೆಯ ಹತ್ತಿರದ ಸಾಸವಡದ ಸುತ್ತಲಿನ ಹಳ್ಳಿಗಳ ಬಾವಿಗಳಿಗೆ ತಿಂಗಳಿಗೊಮ್ಮೆ ಹೋಗಿ ನೀರಿನ ಮಟ್ಟ ಅಳೆದು ತರುತ್ತಿದ್ದಳು. ಅಲ್ಲಿನ ನದಿಯ ಕಣಿವೆಯನ್ನೆಲ್ಲ ಸಣ್ಣ ಚೌಕಗಳಾಗಿ ಮಾಡಿ, ಮಳೆ ಎಷ್ಟು ಇಂಗುತ್ತದೆ, ನೆಲದಡಿ ಎತ್ತ ಹರಿಯುತ್ತದೆ ಎಂದು ಯಂತ್ರ ಲೆಕ್ಕ ಹಾಕಬೇಕು. ಕೊನೆಗೆ ಮುಂದಿನ ವರ್ಷಗಳಲ್ಲಿ ಯಾವ ಬಾವಿಯಲ್ಲಿ ನೀರು ನಿಲ್ಲುತ್ತದೆ, ಯಾವುದರಲ್ಲಿ ನಿಲ್ಲುವುದಿಲ್ಲ ಎಂದು ಹೇಳಬಹುದು. ಅಳೆಯಲು ಬಿಟ್ಟ ಬಾವಿಯವರಿಗೆ ಅವಳು ಕೊಟ್ಟ ಮಾತು ಒಂದೇ, ಲೆಕ್ಕ ಮುಗಿದ ಮೇಲೆ ನಿಮ್ಮ ಬಾವಿಯ ಸಂಗತಿ ನಿಮಗೆ ಹೇಳುತ್ತೇನೆ ಎಂಬುದು. ನದಿಯ ಆಚೆ ಬದಿಯಲ್ಲಿ ಅಂಜೂರದ ತೋಟದ ಹೆಂಗಸೊಬ್ಬಳು ಬಾವಿಯನ್ನು ಇನ್ನೂ ಆಳ ಮಾಡಿಸುವುದೋ ಬೇಡವೋ ಎಂದು ಇವಳ ಲೆಕ್ಕಕ್ಕಾಗಿಯೇ ಕಾದಿದ್ದಾಳೆ ಎಂದು ಊಟ ಮಾಡುತ್ತ ಹೇಳಿದ್ದಳು.

ಮರುದಿನ ಯಂತ್ರ ನಿಲ್ಲಿಸಿ ಬಿಚ್ಚಿದೆ. ಈ ಕೆಲಸದಲ್ಲಿ ಅವಸರ ಸಲ್ಲದು. ಹೀಟ್‌ಸಿಂಕಿನ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಪ್ರೊಸೆಸರ್ ಎತ್ತಿದ ಮೇಲೆ ಕೆಳಗೆ ಕೂದಲಿನಂಥ ಮುಳ್ಳುಗಳ ಹಾಸು ಕಾಣುತ್ತದೆ, ಒಂದು ಬಾಗಿದರೂ ಬೋರ್ಡು ಹೋಯಿತು. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿದೆ. ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ ಮೇಲಿನ ಯಂತ್ರದಲ್ಲಿ ಕೂರಿಸಿದೆ. ಮೆಮೊರಿ ಕಡ್ಡಿಗಳನ್ನು ಎರಡೂ ಪಾಲಿಗೆ ಸಮವಾಗಿ ಹಂಚಿದೆ. ಗುಂಡಿ ಒತ್ತಿದಾಗ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಮೆಮೊರಿ ಬದಲಾದಾಗ ಯಂತ್ರ ಮೊದಲ ಸಲ ಎಲ್ಲವನ್ನೂ ಪರೀಕ್ಷಿಸಿಕೊಳ್ಳುತ್ತದೆ. ಕೊನೆಗೆ ಎರಡು ಪ್ರೊಸೆಸರ್, ಇಮ್ಮಡಿ ಮೆಮೊರಿ ಎಂದು ತೋರಿಸಿತು. ಖುಷಿಯಾಯಿತು, ಸುಳ್ಳು ಹೇಳಲಾರೆ.

ಭಾನುವಾರ ಹುಡುಗಿ ಊಟಕ್ಕೆ ಬರಲಿಲ್ಲ. ಹೆಂಡತಿ ಕಾರಣ ಕೇಳಿದಾಗ ನಡೆದದ್ದನ್ನು ಹೇಳಿದೆ. ಅವಳು ಲಟ್ಟಣಿಗೆ ಕೈಯಲ್ಲಿ ಹಿಡಿದೇ ತಿರುಗಿದಳು.

"ಅಲ್ರೀ, ನಡುವಿನ ಮಶೀನ್ ಖಾಲಿ ಕೂತದ ಅಂತೀರಿ. ಅದನ್ನ ಬಿಟ್ಟು ದುಡಿಯೋ ಮಶೀನ್ ಯಾಕ ಬಿಚ್ಚಿದ್ರಿ?"

"ಆ ಸಾಹೇಬ್ರನ್ನ ಕೇಳೋದು ಅಂದ್ರ ಭಾಳ ತ್ರಾಸ. ಕಮಿಟಿ, ಕಾಗದ..."

"ಅಂದ್ರ ಅವರು ಬೈತಾರ, ಆಕಿ ಬೈಯಂಗಿಲ್ಲ. ಇಷ್ಟ ಹೌದಲ್ಲರೀ?"

ಇಷ್ಟೇ ಹೌದಾಗಿತ್ತು. ನಾನು ತಟ್ಟೆ ನೋಡುತ್ತ ಊಟ ಮುಗಿಸಿದೆ.

ಏಪ್ರಿಲ್‌ನಲ್ಲಿ ಅರ್ಜಿ ಶುರುವಾಯಿತು. ಸರ್ವರ್ ಎಲ್ಲೂ ಉಸಿರು ಕಟ್ಟಲಿಲ್ಲ. ನಿರ್ದೇಶಕರು ಸಭೆಯಲ್ಲಿ ನನ್ನ ಹೆಸರು ಹಿಡಿದು ಹೊಗಳಿದರು. ಚಪ್ಪಾಳೆ ಬಿದ್ದಾಗ ಹಿಂದಿನ ಸಾಲಿನಲ್ಲಿ ಆ ಹಿರಿಯ ಪ್ರಾಧ್ಯಾಪಕರೂ ತಟ್ಟುತ್ತಿದ್ದರು.

ಕೊನೆಯ ದಿನ ಬಂತು. ಹುಡುಗಿ ಬೆಳಿಗ್ಗೆಯೇ ಬಂದು ನನ್ನ ಮೇಜಿನ ಹತ್ತಿರ ನಿಂತಿದ್ದಳು. ಅಷ್ಟರಲ್ಲಿ ಪ್ರವೇಶ ವಿಭಾಗದಿಂದ ಸುದ್ದಿ: ಕೊನೆಯ ದಿನಾಂಕ ಮುಂದಕ್ಕೆ ಹೋಗಿದೆ. ಪ್ರತಿ ವರ್ಷ ಹೀಗೇ ಆಗುತ್ತದೆ. ಅರ್ಜಿಗಳು ಸಾಲವೆಂದು ಒಮ್ಮೆ ಮುಂದೂಡುತ್ತಾರೆ, ಪದವಿ ಫಲಿತಾಂಶ ಬಂದಿಲ್ಲವೆಂದು ಇನ್ನೊಮ್ಮೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಕ್ಯಾಂಟೀನಿನಲ್ಲಿ ಮಾತು ಕೊಡುವಾಗ ಮಾತ್ರ ಬೇಕೆಂದೇ ಮರೆತಿದ್ದೆ.

ಅಷ್ಟು ಹೊತ್ತಿಗೆ ಸರಿಯಾದ ಹೀಟ್‌ಸಿಂಕ್ ಬಂದಿತ್ತು, ಸರಿಯಾದ ಮೆಮೊರಿಯೂ ಬಂದಿತ್ತು. ಒಂದು ಬೆಳಿಗ್ಗೆ ಸರ್ವರ್ ನಿಲ್ಲಿಸಲು ಬಿಟ್ಟರೆ ಹುಡುಗಿಯದ್ದನ್ನು ತೆಗೆದು, ವ್ಯಾಪಾರಿಯಿಂದ ಕೊಂಡದ್ದನ್ನು ಹಾಕಬಹುದು. ಮುಖ್ಯಸ್ಥೆಯನ್ನು ಕೇಳಿದೆ. "ಅರ್ಜ ಚಾಲೂ ಆಹೇತ. ಹಾತ ಲಾವಾಯಚಾ ನಾಹೀ!" ಅರ್ಜಿ ನಡೆದಿರುವಾಗ ಕೈ ಹಚ್ಚಕೂಡದು, ಮಾತು ಮುಗಿಯಿತು. ಹುಡುಗಿಯ ಪ್ರೊಸೆಸರ್ ಅದರೊಳಗಿದೆ ಎಂದು ನಾನು ಹೇಳಲೇ ಇಲ್ಲ. ಹೇಳಿದರೆ ಕಾಗದ ಎಲ್ಲಿ ಎಂದು ಕೇಳುತ್ತಿದ್ದರು.

ಹುಡುಗಿಗೆ ಹೇಳಿದಾಗ ಅವಳು ರೇಗಲಿಲ್ಲ. "ಎಷ್ಟು ದಿನ ಅಂತ ಗೊತ್ತಾದ್ರೆ ಪ್ಲಾನ್ ಮಾಡ್ಕೋಬಹುದಿತ್ತು" ಎಂದಳು. ಹೊರಗಿನ ದೊಡ್ಡ ಕಂಪ್ಯೂಟರ್ ಕೇಂದ್ರವೊಂದಕ್ಕೆ ಬರೆದಿದ್ದಳಂತೆ, ಸರದಿಗೆ ಕಾಯಬೇಕೆಂಬ ಉತ್ತರ ಬಂದಿತ್ತು. ಕೊನೆಗೆ ನಕ್ಷೆಯನ್ನು ನದಿಯ ಗುಂಟ ಎರಡು ತುಂಡು ಮಾಡಿ, ಅರ್ಧ ಮೆಮೊರಿಯಲ್ಲಿ ಹಿಡಿಯುವಂತೆ ಈಚೆ ಬದಿಯ ಲೆಕ್ಕವನ್ನಷ್ಟೇ ಹೊಸದಾಗಿ ಶುರು ಮಾಡಿದಳು. ದಿನವೂ ಸರ್ವರ್ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ಇಣುಕುತ್ತಿದ್ದಳು. ಅವಳ ಹೆಜ್ಜೆ ಸಪ್ಪಳ ಕೇಳಿದರೆ ನಾನು ರ್‍ಯಾಕಿನ ಹಿಂದೆ ತಂತಿ ಸರಿಪಡಿಸುವವನಂತೆ ನಿಲ್ಲುತ್ತಿದ್ದೆ. ನನ್ನ ವಯಸ್ಸಿಗೆ ನಾಚಿಕೆಯಾಗಬೇಕಿತ್ತು, ಆಗುತ್ತಿತ್ತು ಕೂಡ.

ದಿನಾಂಕ ಎರಡನೇ ಸಲ ಮುಂದೆ ಹೋದಾಗ ಹೆಂಡತಿ ಮಾತು ಬಿಟ್ಟಳು. ಸಿಟ್ಟಿನ ಮಾತಾದರೆ ಕಿವಿಗೆ ಹಾಕಿಕೊಳ್ಳದೆ ಇರಬಹುದು, ಸುಮ್ಮನೆ ಡಬ್ಬಿ ಕಟ್ಟಿ ಕೈಗೆ ಕೊಡುವವಳ ಮುಂದೆ ನಿಲ್ಲುವುದು ಕಷ್ಟ. ಮರುದಿನ ಬೆಳಿಗ್ಗೆ ನೇರವಾಗಿ ನಿರ್ದೇಶಕರ ಕೋಣೆಗೆ ಹೋದೆ.

"ಸರ್, ಇವತ್ತು ಅರ್ಜಿ ಸರ್ವರ್ ನಿಲ್ಲಿಸ್ತೀನಿ. ಅದರೊಳಗಿನ ಒಂದು ಪ್ರೊಸೆಸರ್ ಬೇರೆಯವರದು, ವಾಪಸ್ ಕೊಡಬೇಕು" ಎಂದು ಮರಾಠಿಯಲ್ಲಿ ಹೇಳಿದೆ. ಯಾರದು ಎಂದು ಅವರು ಕೇಳಬಹುದೆಂದು ಕಾದೆ. ಅವರು ಯಾವುದೋ ಕಡತಕ್ಕೆ ಸಹಿ ಹಾಕುತ್ತಿದ್ದರು. ತಲೆಯೆತ್ತದೆ, "ಕರಾ, ಪಣ ಲವಕರ" ಎಂದರು. ಮಾಡಿ, ಆದರೆ ಬೇಗ. ಅಷ್ಟೇ.

ಜಾಲತಾಣದ ಮೇಲೆ ದುರಸ್ತಿಯ ಸೂಚನೆ ಹಾಕಿ ಯಂತ್ರ ನಿಲ್ಲಿಸಿದೆ. ಮೊಬೈಲನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದೆ. ಮುಖ್ಯಸ್ಥೆ ಯಾವ ಗಳಿಗೆಯಲ್ಲಾದರೂ ಫೋನುಗಳನ್ನು ತಿರುಗಿಸಬಹುದು. ಹುಡುಗಿಯದ್ದನ್ನು ತೆಗೆದು ಅವಳ ಯಂತ್ರಕ್ಕೆ ವಾಪಸ್ ಹಾಕಿದೆ, ಕೊಂಡದ್ದನ್ನು ಕೂರಿಸಿದೆ, ಚೌಕನೆಯ ಹೀಟ್‌ಸಿಂಕ್ ಸರಿಯಾಗಿ ಕೂಡಿತು. ಊಟದ ಹೊತ್ತಿಗೆ ಎರಡೂ ಯಂತ್ರ ಎದ್ದು ನಿಂತವು. ಅಷ್ಟು ಹೊತ್ತಿನಲ್ಲಿ ಒಂದು ಫೋನೂ ಬರಲಿಲ್ಲ. ಸರ್ವರ್ ನಿಂತದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ. ಈ ಕೆಲಸವನ್ನು ವಾರಗಳ ಹಿಂದೆಯೇ ಮಾಡಬಹುದಿತ್ತು. ತಿರುಪುಳಿ ಕೆಳಗಿಟ್ಟು ನೆಲದ ಮೇಲೆಯೇ ಕೂತುಬಿಟ್ಟೆ. ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತೇನೋ.

ಹುಡುಗಿ ಬಂದು ಇಡೀ ಕಣಿವೆಯ ಲೆಕ್ಕವನ್ನು ಎಲ್ಲಿ ನಿಂತಿತ್ತೋ ಅಲ್ಲಿಂದ ಓಡಿಸಿ ನೋಡಿದಳು. ಸ್ವಲ್ಪ ಹೊತ್ತು ಪರದೆಯ ಮೇಲೆ ಅಂಕಿಗಳು ಓಡುವುದನ್ನು ಗಮನಿಸಿ, ಮನಸ್ಸಿನಲ್ಲೇ ಕೂಡಿಸಿ ಕಳೆದಳು.

"ಸಬ್ಮಿಟ್ ಮಾಡೋದ್ರೊಳಗೆ ಮುಗಿಯಲ್ಲ ಅಣ್ಣ."

"ಬ್ಯಾರೆ ಏನರ ಮಾಡಾಕ ಬರತದೇನು? ನಡುವಿನ ಮಶೀನ್ ಸುದ್ದಾ ಕೇಳ್ತೀನಿ ಈಗ. ಬೈದ್ರ ಬೈಲಿ."

ಅವಳು ನನ್ನ ಮುಖ ನೋಡಿದಳು. ನಡುವಿನದು ಖಾಲಿ ಇತ್ತೆಂದು ಅವಳಿಗೆ ಆಗಷ್ಟೇ ತಿಳಿದದ್ದು. "ಅದರಲ್ಲಿ ಯಾರೂ ರನ್ ಮಾಡ್ತಿರ್ಲಿಲ್ವಾ?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಮತ್ತೇನೂ ಕೇಳದೆ ಲೆಕ್ಕ ನಿಲ್ಲಿಸಿ, ಈಚೆ ಬದಿಯ ಫಲಿತಾಂಶಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದಳು.

ಸಲ್ಲಿಕೆಗೆ ಮುಂಚಿನ ಸೆಮಿನಾರಿನಲ್ಲಿ ಪ್ರೊಜೆಕ್ಟರ್ ನಡೆಸಲು ನಾನಿದ್ದೆ. ನಕ್ಷೆ ನದಿಯವರೆಗೆ ಬಂದು ಥಟ್ಟನೆ ನಿಂತಿತ್ತು, ಆಚೆಗೆಲ್ಲ ಬಿಳಿ. ಹೊರಗಿನಿಂದ ಬಂದ ತಜ್ಞರೊಬ್ಬರು ಕೇಳಿದರು, ಆಚೆ ಬದಿಯ ಬಾವಿಗಳನ್ನೂ ಅಳೆದಿದ್ದೀರಿ, ಲೆಕ್ಕಕ್ಕೆ ಯಾಕೆ ತೆಗೆದುಕೊಂಡಿಲ್ಲ? ನಾನು ಕುರ್ಚಿಯ ತುದಿಗೆ ಸರಿದೆ. ಎದ್ದು ಹೇಳಿದರೆ ಅವಳ ಮಾರ್ಗದರ್ಶಕರು ಅವಳನ್ನೇ ಕೇಳುತ್ತಾರೆ, ಯಾರ ಒಪ್ಪಿಗೆಯಿಂದ ಯಂತ್ರ ಕೊಟ್ಟೆ ಎಂದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಅದು ನಿಜ, ಅರ್ಧ ಹೆದರಿಕೆ. ಹುಡುಗಿ ನನ್ನ ಕಡೆ ತಿರುಗದೆ, ಅದು ತನ್ನ ನಿರ್ಧಾರ, ಸಮಯಕ್ಕೆ ತಕ್ಕಂತೆ ವ್ಯಾಪ್ತಿ ಕಡಿಮೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದಳು. ತಜ್ಞರು ಒಪ್ಪಲಿಲ್ಲ, ಬಿಡಲೂ ಇಲ್ಲ. ಕೊನೆಗೆ ಪ್ರಬಂಧ ಹಾಗೆಯೇ ಸಲ್ಲಿಕೆಯಾಯಿತು.

ಮೈಸೂರಿಗೆ ಹೊರಡುವ ಮೊದಲು ಅವಳು ನನ್ನ ಮೇಜಿಗೆ ಬಂದಳು. "ನಾಳೆ ಸಾಸವಡಕ್ಕೆ ಹೋಗ್ತಿದೀನಿ. ಆಚೆ ಬದಿಯವ್ರಿಗೆ ಹೇಳಿ ಬರ್ಬೇಕು. ನನ್ನ ಮರಾಠಿ ಸಾಲಲ್ಲ. ಬರ್ತೀರಾ?"

ಸ್ವಾರಗೇಟದಲ್ಲಿ ಬಸ್ಸು ಹಿಡಿದೆವು. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಸಾಸವಡದಿಂದ ಮುಂದೆ ರಿಕ್ಷಾ, ಆಮೇಲೆ ತೋಟದ ನಡುವಿನ ಕಾಲುದಾರಿ. ಅಂಜೂರದ ತೋಟದ ಹೆಂಗಸು ಇವಳನ್ನು ಕಂಡದ್ದೇ, "ಆಲೀಸ ಕಾ ಪೋರೀ!", ಬಂದೆಯಾ ಹುಡುಗಿ, ಎಂದು ಕೆನ್ನೆ ಸವರಿದಳು. ನೀರು ಕೊಟ್ಟಳು. ಕೂತ ಮೇಲೆ ಕೇಳಿದಳು, "ಮಗ, ಆಮಚ್ಯಾ ವಿಹಿರೀಚಂ ಕಾಯ?" ನಮ್ಮ ಬಾವಿಯದು ಏನಾಯಿತು?

ಹುಡುಗಿ ಮರಾಠಿ ಪದ ಸಿಗದೆ ನನ್ನ ಕಡೆ ನೋಡಿದಳು. ನಾನೇ ಹೇಳಬೇಕಾಯಿತು. ಲೆಕ್ಕ ನದಿಯ ಇನ್ನೊಂದು ಬದಿಯದಷ್ಟೇ ಆಯಿತು, ನಿಮ್ಮ ಬಾವಿಯವರೆಗೆ ಬರಲಿಲ್ಲ ಎಂದೆ. ಯಂತ್ರ ಕೆಟ್ಟಿತ್ತೇ ಎಂದು ಹೆಂಗಸು ಕೇಳಿದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾಹೀ" ಎಂದೆ. "ಮೀ ಘೇತಲಂ ಹೋತಂ. ಪರತ ದ್ಯಾಯಲಾ ಉಶೀರ ಝಾಲಾ." ನಾನು ತೆಗೆದುಕೊಂಡಿದ್ದೆ, ವಾಪಸ್ ಕೊಡಲು ತಡವಾಯಿತು.

ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಾವಿ ತೋಡುವವರು ಹೋದ ತಿಂಗಳು ಬಂದಿದ್ದರಂತೆ. ಪೋರಿ ಹೇಳುವವರೆಗೆ ಬೇಡವೆಂದು ತಾನೇ ವಾಪಸ್ ಕಳಿಸಿದಳಂತೆ. ಇನ್ನು ಮಳೆ ಬಂದರೆ ತೋಡಲಾಗದು, ಮುಂದಿನ ಬೇಸಿಗೆಯೇ. ಸಿಟ್ಟಿಲ್ಲದೆ, ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಬೈದರೆ ಬೈಲಿ ಎಂದು ಕಾದಿದ್ದೆ. ಇಲ್ಲಿಯೂ ಯಾರೂ ಬೈಯಲಿಲ್ಲ.

ಈಗ ಯಂತ್ರ ಖಾಲಿ ಇದೆ, ನಿಮ್ಮ ಬದಿಯ ಲೆಕ್ಕವನ್ನು ನಾನು ಓಡಿಸುತ್ತೇನೆ, ಮುಂದಿನ ಬೇಸಿಗೆಯೊಳಗೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಬಾವಿಯನ್ನೂ ತಿಂಗಳಿಗೊಮ್ಮೆ ನಾನೇ ಅಳೆಯುತ್ತೇನೆ ಎಂದೆ. ಹೇಗೆ ಓಡಿಸಬೇಕೆಂದು ಇವಳು ಮೈಸೂರಿನಿಂದ ಹೇಳಿಕೊಟ್ಟರೆ ಸಾಕು.

ಹೆಂಗಸು ಹುಡುಗಿಯನ್ನು ಕೇಳಿದಳು, "ಹೇ ಯೇತೀಲ ಕಾ ಗಂ, ಖರಂಚ?" ಇವರು ನಿಜವಾಗಿ ಬರುತ್ತಾರೇನೇ?

ಹುಡುಗಿ ನನ್ನ ಕಡೆ ನೋಡದೆ ಎದ್ದು ಬಾವಿಯ ಕಟ್ಟೆಯವರೆಗೆ ನಡೆದಳು. ಚೀಲದಿಂದ ಅಳತೆಯ ಟೇಪನ್ನು ತೆಗೆದು, ಅದರ ತುದಿಯ ಗುಂಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಟೇಪನ್ನು ನನ್ನ ಕಡೆ ಚಾಚಿದಳು.

"ಬನ್ನಿ" ಎಂದಳು. "ಯಾವ ಕಲ್ಲಿನಿಂದ ಇಳಿಸ್ಬೇಕು ಅಂತ ತೋರಿಸ್ತೀನಿ."